ಸಮೀಪಾಕಾಂಕ್ಷಿ: ಒಂದು ಲಕ್ಷಣ ನಿರೂಪಣೆ

ದಸರಾ ರಜೆ, ಕ್ರಿಸ್‌ಮಸ್ ವಾರ ಮತ್ತು ಬೇಸಿಗೆಯ ಭಾನುವಾರಗಳಂದು ಬಿಡದಿಯ ಬಳಿಯ ವಂಡರ್‌ಲಾದಂಥ ವಿಹಾರೋದ್ಯಾನಗಳ ಪಾರ್ಕಿಂಗ್ ಮೈದಾನದಲ್ಲಿ ಹೇರಳವಾಗಿ ಕಾಣಸಿಗುವ, ಉಳಿದ ದಿನಗಳಲ್ಲಿ ಮಾಲ್‌ಗಳ ನೆಲಮಾಳಿಗೆಗಳಲ್ಲಿಯೂ ಕಲ್ಯಾಣ ಮಂಟಪಗಳ ಅಂಗಳಗಳಲ್ಲಿಯೂ ಚದುರಿಹೋಗಿರುವ ಒಂದು ಮಾನವ ಪ್ರಭೇದವನ್ನು ಈ ಬರಹದ ಮಟ್ಟಿಗೆ ‘ಸಮೀಪಾಕಾಂಕ್ಷಿ’ ಎಂದು ಕರೆಯಬಹುದು. ಕಣ್ಣೆದುರಿಗೇ ಖಾಲಿ ಜಾಗವಿದ್ದರೂ, ಗೇಟಿಗೆ ಇನ್ನೂ ಹತ್ತಿರದ, ಸಾಧ್ಯವಾದರೆ ಮರದ ನೆರಳಿನ ಜಾಗವೊಂದು ತನಗೆಂದೇ ಕಾದಿದೆಯೆಂದು ನಂಬಿ ಕಾರನ್ನು ಮುಂದಕ್ಕೆ ಬಿಡುವವನು ಎಂಬುದು ಇವನ ಸ್ಥೂಲ ವ್ಯಾಖ್ಯೆ. ವಯಸ್ಸು ನಲವತ್ತರ ಆಚೀಚೆ; ಕಾರು ಕಂತಿನ ಮೇಲೆ ಕೊಂಡದ್ದು; ಲಿಂಗ ಬಹುಮಟ್ಟಿಗೆ ಪುರುಷ. ಸ್ತ್ರೀಯರಲ್ಲಿ ಈ ಗುಣ ಇಲ್ಲವೆಂದಲ್ಲ, ಆದರೆ ಪಕ್ಕದ ಸೀಟಿನಲ್ಲಿ ಕುಳಿತು ‘ಅಲ್ಲೇ ಇತ್ತಲ್ಲ’ ಎಂದು ಹೇಳುವ ಹೊಣೆ ಅವರ ಪಾಲಿಗೆ ಬಂದಿರುವುದರಿಂದ ಅದು ಬೆಳೆಯಲು ಅವಕಾಶ ಸಿಕ್ಕಿಲ್ಲ.

ಸಮೀಪಾಕಾಂಕ್ಷಿಯ ಚಟುವಟಿಕೆ ಮೈದಾನದಲ್ಲಲ್ಲ, ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿಯೇ ಶುರುವಾಗುತ್ತದೆ. ಬೆಂಗಳೂರಿನಿಂದ ಸುಮಾರು 28 ಕಿಲೋಮೀಟರ್ ದೂರದಲ್ಲಿದ್ದು, 2005ರಿಂದ ನಡೆಯುತ್ತಿರುವ ಉದ್ಯಾನವನ್ನು ತಲುಪಲು ಎಷ್ಟು ಗಂಟೆಗೆ ಹೊರಡಬೇಕೆಂಬ ಪ್ರಶ್ನೆಗೆ ಅವನು ಕೊಡುವ ಉತ್ತರ ಆಟಗಳನ್ನಾಗಲಿ ಟಿಕೆಟ್ ಸಾಲನ್ನಾಗಲಿ ಆಧರಿಸಿದ್ದಲ್ಲ. ‘ಲೇಟಾದರೆ ಹಿಂದೆ ಹಾಕಿಸ್ತಾರೆ’ ಎಂಬ ಒಂದೇ ಸೂತ್ರದಿಂದ ಹುಟ್ಟಿದ್ದು. ಮಕ್ಕಳು ಕಣ್ಣುಜ್ಜುತ್ತಲೇ ಕಾರು ಹತ್ತುತ್ತಾರೆ. ಟೋಲ್ ಉಳಿಸಲು ಸರ್ವೀಸ್ ರಸ್ತೆ ಹಿಡಿದು, ಆ ಉಳಿತಾಯದಿಂದ ಆದ ತಡವನ್ನು ಹಾರ್ನ್ ಮೂಲಕ ಸರಿದೂಗಿಸುತ್ತ ಸಾಗುವ ಈ ಪಯಣದಲ್ಲಿ ಬಿಡದಿಯ ತಟ್ಟೆ ಇಡ್ಲಿಯ ಪ್ರಸ್ತಾಪವನ್ನು ಅತ್ತೆಯವರು ಎತ್ತುವುದೂ ಅದು ‘ವಾಪಸ್ ಬರ್ತಾ ನೋಡೋಣ’ ಎಂಬ ಮಾತಿನಿಂದ ವಜಾ ಆಗುವುದೂ ನಿಯಮ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬಿಡದಿ ಊರೊಳಗೆ ನುಗ್ಗದೆ ಬಳಸಿಕೊಂಡು ಹೋಗುವುದರಿಂದ ಇಡ್ಲಿಯ ವಿರುದ್ಧ ಅವನಿಗೆ ಈಗ ಭೂಗೋಳದ ಬೆಂಬಲವೂ ದೊರೆತಿದೆ.

ಮೈದಾನವನ್ನು ಪ್ರವೇಶಿಸಿದ ಕೂಡಲೇ ಸೀಟಿ ಹಿಡಿದ ಕಾವಲುಗಾರ ಒಂದು ಸಾಲನ್ನು ತೋರಿಸುತ್ತಾನೆ. ಸಮೀಪಾಕಾಂಕ್ಷಿಯ ದೃಷ್ಟಿಯಲ್ಲಿ ಆ ಸಾಲು ಇತರರಿಗಾಗಿ ಇರುವಂಥದ್ದು. ಅವನು ಗಾಜು ಇಳಿಸಿ, ‘ಮುಂದೆ ಡ್ರಾಪ್ ಮಾಡಿ ಬರ್ತೀನಿ, ವಯಸ್ಸಾದವರಿದ್ದಾರೆ’ ಎಂದು ಹೇಳಿ ಹಿಂದಿನ ಸೀಟಿನತ್ತ ಬೊಟ್ಟು ಮಾಡಿದಾಗ, ಆ ಕ್ಷಣದವರೆಗೂ ವಾಟರ್ ಸ್ಲೈಡ್ ಆಡುವ ಉತ್ಸಾಹದಲ್ಲಿದ್ದ ಮಾವನವರು ಅನಿವಾರ್ಯವಾಗಿ ಸೊಂಟ ಹಿಡಿದುಕೊಳ್ಳಬೇಕಾಗುತ್ತದೆ.

ಇಂಥವರ ವರ್ತನೆ ಶಾಸ್ತ್ರದ ಗಮನಕ್ಕೆ ಬಾರದೆ ಇಲ್ಲ. ಪಾಲ್ ಕ್ರಾಪಿವ್‌ಸ್ಕಿ ಮತ್ತು ಸಿಡ್ನಿ ರೆಡ್ನರ್ ಎಂಬ ಭೌತಶಾಸ್ತ್ರಜ್ಞರು 2019ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಕಾರು ನಿಲ್ಲಿಸುವವರನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ: ನಿಂತ ಕಾರುಗಳಲ್ಲಿ ತೀರ ಹಿಂದಿನದರ ಹಿಂದೆಯೇ ನಿಲ್ಲಿಸಿ ನಡೆದುಹೋಗುವ ಸಾಧು, ನಿಂತ ಕಾರುಗಳ ನಡುವೆ ಸಿಕ್ಕ ಮೊದಲ ತೆರವಿನಲ್ಲಿ ನಿಲ್ಲಿಸುವ ವಿವೇಕಿ, ಬಾಗಿಲವರೆಗೂ ಹೋಗಿ, ಅಲ್ಲಿಂದ ಹಿಂದಕ್ಕೆ ಬರುತ್ತ ಹತ್ತಿರದ ಜಾಗ ಹಿಡಿಯುವ ಆಶಾವಾದಿ. ಕಾರಿನಲ್ಲಿ ಸುತ್ತುವ ಹೊತ್ತನ್ನೂ ಕಾಲಿನಲ್ಲಿ ನಡೆಯುವ ಹೊತ್ತನ್ನೂ ಕೂಡಿಸಿ ಲೆಕ್ಕ ಹಾಕಿದರೆ ವಿವೇಕಿಗೆ ಮೊದಲ ಸ್ಥಾನ, ಆಶಾವಾದಿಗೆ ಎರಡನೆಯದು, ಸಾಧುವಿಗೆ ಕೊನೆಯದು. ಈ ವಿಂಗಡಣೆಯ ದೋಷವೆಂದರೆ ಸಮೀಪಾಕಾಂಕ್ಷಿಗೆ ಇದರಲ್ಲಿ ಜಾಗವಿಲ್ಲ. ಆಶಾವಾದಿ ಒಮ್ಮೆ ನಿರಾಶನಾದ ಮೇಲೆ ಸಿಕ್ಕಿದ್ದರಲ್ಲಿ ತೃಪ್ತನಾಗುತ್ತಾನೆ. ಇವನಾದರೋ ಇಡೀ ಮೈದಾನಕ್ಕೆ ಪ್ರದಕ್ಷಿಣೆ ಹಾಕಿ, ಮೊದಲ ಸುತ್ತಿನಲ್ಲಿ ತಾನೇ ಬಿಟ್ಟುಹೋದ ಜಾಗದಲ್ಲಿ ಯಾರೋ ಕಾರು ನಿಲ್ಲಿಸಿರುವುದನ್ನು ಕಂಡು, ಅದನ್ನು ಅನ್ಯಾಯವೆಂದು ಬಗೆದು ಎರಡನೆಯ ಸುತ್ತಿಗೆ ಹೊರಡುತ್ತಾನೆ. ನಗರ ಯೋಜನಾ ತಜ್ಞ ಡೊನಾಲ್ಡ್ ಶೂಪ್ ಲಾಸ್ ಏಂಜಲೀಸ್‌ನ ವೆಸ್ಟ್‌ವುಡ್ ಎಂಬ ಪುಟ್ಟ ಪೇಟೆಯಲ್ಲಿ, ರಸ್ತೆಬದಿಯಲ್ಲಿ ಜಾಗ ಹುಡುಕುತ್ತ ಕಾರುಗಳು ಸುತ್ತುವ ದೂರವನ್ನು ವರ್ಷಕ್ಕೆ ಸುಮಾರು 9.5 ಲಕ್ಷ ಮೈಲಿ ಎಂದು ಅಂದಾಜಿಸಿದ್ದಾರೆ. ಅದು ಭೂಮಿಯಿಂದ ಚಂದ್ರನಿಗಿರುವ ದೂರದ ಹೆಚ್ಚುಕಡಿಮೆ ನಾಲ್ಕು ಪಟ್ಟು. ಸಮೀಪಾಕಾಂಕ್ಷಿಯನ್ನು ಚಂದ್ರನಲ್ಲಿಗೆ ಕಳುಹಿಸಿದರೂ ಇಳಿಯುವ ಮೊದಲು ಒಂದು ಸುತ್ತು ಹಾಕಿಯೇ ಇಳಿದಾನು.

ಸುತ್ತುವುದು ಫಲಿಸದಿದ್ದಾಗ ಅವನು ‘ಅನುಸರಣ’ ಕ್ರಮಕ್ಕೆ ಇಳಿಯುತ್ತಾನೆ. ಕೈಯಲ್ಲಿ ಕೀಲಿ ಹಿಡಿದು ನಡೆದುಬರುವ ಯಾವ ವ್ಯಕ್ತಿಯನ್ನೇ ಆಗಲಿ, ಹೊರಡುವವನೆಂದು ಭಾವಿಸಿ ಆಮೆಯ ವೇಗದಲ್ಲಿ ಹಿಂಬಾಲಿಸುವುದು ಇದರ ಸಾರ. ಆ ವ್ಯಕ್ತಿ ಮರೆತುಬಿಟ್ಟ ಟವೆಲು ಒಯ್ಯಲು ಬಂದವನಾಗಿದ್ದರೆ ಇಬ್ಬರಿಗೂ ಸಂಕಟ. ನಿಜವಾಗಿಯೂ ಹೊರಡುವವನಾಗಿದ್ದರೂ ಗೆಲುವು ಬೇಗ ಬರುವುದಿಲ್ಲ, ಏಕೆಂದರೆ ಅಮೆರಿಕದ ಬ್ಯಾರಿ ರೂಬಾಕ್ ಮತ್ತು ಡೇನಿಯಲ್ ಜುಯೆಂಗ್ 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಾರೂ ಕಾಯದಿದ್ದಾಗ ಸರಾಸರಿ 32 ಸೆಕೆಂಡುಗಳಲ್ಲಿ ಜಾಗ ತೆರವು ಮಾಡುವ ಚಾಲಕ, ಇನ್ನೊಂದು ಕಾರು ಕಾಯುತ್ತಿದೆಯೆಂದು ತಿಳಿದರೆ 39 ಸೆಕೆಂಡು ತೆಗೆದುಕೊಳ್ಳುತ್ತಾನೆ, ಹಾರ್ನ್ ಹೊಡೆದರೆ ಇನ್ನೂ ನಿಧಾನಿಸುತ್ತಾನೆ. ತಾನು ಬಿಟ್ಟುಹೋಗಲಿರುವ ಜಾಗದ ಮೇಲೂ ಮನುಷ್ಯನಿಗೆ ಕೊನೆಯ ಗಳಿಗೆಯಲ್ಲಿ ಮಮಕಾರ ಉಕ್ಕುತ್ತದೆ. ನಮ್ಮಲ್ಲಿ ಈ ಸಂಶೋಧನೆ ನಡೆದಿದ್ದರೆ ಡಿಕ್ಕಿಯಲ್ಲಿ ಸಾಮಾನು ಜೋಡಿಸುವ, ಕೊನೆಯ ಚಕ್ಕುಲಿ ಹಂಚುವ, ಮಗುವಿನ ಒದ್ದೆ ಚಡ್ಡಿ ಬದಲಿಸುವ ಅವಧಿಗಳನ್ನೂ ಸೇರಿಸಿಕೊಳ್ಳಬೇಕಾಗುತ್ತಿತ್ತು. ಆಗ ಸೆಕೆಂಡು ಎಂಬ ಮಾನ ಸಾಲುತ್ತಿರಲಿಲ್ಲ.

ಇದಕ್ಕೂ ಮುಂದಿನದು ಭಾವಮೈದುನನ ಬಳಕೆ. ಕೆಂಪು ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಟವೆಲು ಎಸೆಯುವ ಹಳೆಯ ಹಕ್ಕುಸ್ಥಾಪನೆಯ ವಂಶದಲ್ಲಿಯೇ ಹುಟ್ಟಿದ ಈ ಪದ್ಧತಿಯಲ್ಲಿ, ದೂರದಲ್ಲಿ ಖಾಲಿ ಜಾಗ ಕಂಡೊಡನೆ ಚುರುಕಾದ ಬಂಧುವೊಬ್ಬನನ್ನು ಓಡಿಸಿ, ಅವನು ಎರಡೂ ಕೈ ಚಾಚಿ ಬಿಳಿ ಗೆರೆಗಳ ನಡುವೆ ನಿಲ್ಲುವಂತೆ ಮಾಡಲಾಗುತ್ತದೆ. ಬೇರೆ ಕಾರು ಬಂದರೆ ‘ನಮ್ಮ ಗಾಡಿ ಬರ್ತಿದೆ ಸಾರ್, ಎರಡೇ ನಿಮಿಷ’ ಎನ್ನುವುದು ಅವನ ಸಂಭಾಷಣೆಯ ಪೂರ್ಣಪಾಠ. ಅಂತೂ ಕಾರು ಬಂದು, ‘ರಿವರ್ಸ್, ರಿವರ್ಸ್, ಬಲಕ್ಕೆ ಕಟ್ ಮಾಡಿ, ಸಾಕು, ಸಾಕೂ’ ಎಂಬ ಘೋಷಗಳ ನಡುವೆ ನೆಲೆಗೊಂಡಾಗ ಸಮೀಪಾಕಾಂಕ್ಷಿಯ ಮುಖದಲ್ಲಿ ಮೂಡುವ ತೃಪ್ತಿಯನ್ನು ಮುಂದೆ ಯಾವ ರೋಲರ್ ಕೋಸ್ಟರ್ ಕೂಡ ಮೂಡಿಸಲಾರದು. ಉಳಿಸಿದ ನಡಿಗೆ ಇನ್ನೂರು ಹೆಜ್ಜೆ. ಒಳಗೆ ಹೋದ ಮೇಲೆ ಒಂದು ಆಟದಿಂದ ಇನ್ನೊಂದಕ್ಕೆ, ಅಲ್ಲಿಂದ ಲಾಕರ್‌ಗೆ, ಲಾಕರ್‌ನಿಂದ ಕ್ಯಾಂಟೀನಿಗೆ ದಿನವಿಡೀ ನಡೆಯುವಾಗ ಅವನು ದೂರದ ಬಗ್ಗೆ ಚಕಾರವೆತ್ತುವುದಿಲ್ಲ.

ಈ ಪ್ರಭೇದ ನಮ್ಮ ನೆಲಕ್ಕೆ ಸೀಮಿತವಲ್ಲವೆಂಬುದಕ್ಕೆ ಅಮೆರಿಕದ ಉದ್ಯಾನಗಳು ಮಾಡಿಕೊಂಡಿರುವ ಸಿದ್ಧತೆಯೇ ಸಾಕ್ಷಿ. 1955ರಲ್ಲಿ ಕ್ಯಾಲಿಫೋರ್ನಿಯಾದ ಆನಾಹೈಮ್‌ನಲ್ಲಿ ತೆರೆದ ಡಿಸ್ನಿಲ್ಯಾಂಡ್‌ನಲ್ಲಿ ಗೇಟಿನೆದುರೇ ವಿಶಾಲ ಪಾರ್ಕಿಂಗ್ ಮೈದಾನವಿತ್ತು; ಕೊನೆಗೆ ಅಲ್ಲಿ 2001ರಲ್ಲಿ ಎರಡನೆಯ ಉದ್ಯಾನವನ್ನೇ ಎಬ್ಬಿಸಿ, ಕಾರುಗಳನ್ನು ಸುಮಾರು 10,000 ವಾಹನ ಹಿಡಿಸುವ ಬಹುಮಹಡಿ ಕಟ್ಟಡಕ್ಕೆ ಸಾಗಿಸಿ, ಅಲ್ಲಿಂದ ಜನರನ್ನು ಟ್ರ್ಯಾಮ್‌ನಲ್ಲಿ ಕರೆತರುವ ಏರ್ಪಾಡು ಮಾಡಲಾಯಿತು. ಹತ್ತಿರದ ಜಾಗ ಎಂಬ ಕಲ್ಪನೆಯನ್ನೇ ರದ್ದುಪಡಿಸುವ ಈ ಉಪಾಯದಲ್ಲಿ ಎಲ್ಲರೂ ಸಮಾನವಾಗಿ ದೂರ. ಮಗನ ಮನೆಗೆ ಹೋಗಿ ಡಿಸೆಂಬರ್‌ನಲ್ಲಿ ಅಲ್ಲಿಗೆ ಭೇಟಿ ಕೊಡುವ ಕನ್ನಡಿಗ ಸಮೀಪಾಕಾಂಕ್ಷಿ ಮೂರನೆಯ ಮಹಡಿಯಲ್ಲಿದ್ದುಕೊಂಡು, ಲಿಫ್ಟಿಗೆ ಹತ್ತಿರದ ಜಾಗವನ್ನು ಹುಡುಕುವಂತೆ ಮಗನಿಗೆ ಸೂಚಿಸುವುದನ್ನು ಆ ಯೋಜಕರು ಊಹಿಸಿರಲಾರರು.

ಸಂಜೆ ಶಾಸ್ತ್ರ ಸೇಡು ತೀರಿಸಿಕೊಳ್ಳುತ್ತದೆ. ಅಷ್ಟು ಸುತ್ತಿದ್ದರಿಂದ ಕಾರು ಎಲ್ಲಿದೆಯೆಂಬುದು ಮರೆತುಹೋಗಿ, ಕೀಲಿಯ ಗುಂಡಿ ಒತ್ತುತ್ತ ‘ಕುಂಯ್’ ಸದ್ದಿಗೆ ಕಿವಿಗೊಟ್ಟು ನಡೆಯಬೇಕಾಗುತ್ತದೆ. ಫ್ಲೋರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ಯಾವ ಸಾಲು ಯಾವ ಹೊತ್ತಿಗೆ ತುಂಬಿತೆಂದು ಬರೆದಿಟ್ಟುಕೊಂಡು, ಬಂದ ವೇಳೆಯನ್ನು ಕೇಳಿ ಕಾರು ಹುಡುಕಿಕೊಡುವ ಪದ್ಧತಿಯಿದೆ. ಕಾರು ಸಿಕ್ಕ ಮೇಲೆ ದೊಡ್ಡ ಸತ್ಯವೊಂದು ಬಯಲಾಗುತ್ತದೆ: ಒಳಬಾಗಿಲಿಗೆ ಅತಿ ಹತ್ತಿರದ ಜಾಗವೆಂದರೆ ಹೊರರಸ್ತೆಗೆ ಅತಿ ದೂರದ ಜಾಗ. ಬೆಳಿಗ್ಗೆ ಕೊನೆಯ ಸಾಲಿಗೆ ತೃಪ್ತರಾದವರು ಬಿಡದಿಯಲ್ಲಿ ಎರಡನೆಯ ತಟ್ಟೆ ಇಡ್ಲಿಗೆ ಚಟ್ನಿ ಹಾಕಿಸಿಕೊಳ್ಳುತ್ತಿರುವಾಗ ಇವನ ಕಾರು ಇನ್ನೂ ಮೊದಲ ಗೇರಿನಲ್ಲಿ ತೆವಳುತ್ತಿರುತ್ತದೆ. ಅತ್ತೆಯವರು ಏನೂ ಹೇಳುವುದಿಲ್ಲ, ಹೇಳದಿರುವುದನ್ನು ಸ್ಪಷ್ಟವಾಗಿ ಹೇಳುತ್ತಾರೆ. ಇದರಿಂದ ಅವನು ಪಾಠ ಕಲಿಯುತ್ತಾನೆಂದು ನಂಬಲು ಆಧಾರವಿಲ್ಲ. ಮುಂದಿನ ಸಲ ಇನ್ನೂ ಅರ್ಧ ಗಂಟೆ ಮೊದಲು ಹೊರಡಬೇಕೆಂದಷ್ಟೇ ಅವನ ನಿರ್ಧಾರ.

ಇಂಥವರೊಡನೆ ರಜೆಗೆ ಹೊರಡಬೇಕಾಗಿ ಬಂದ ಬಂಧುಗಳು ಒಂದನ್ನು ನೆನಪಿಡಬಹುದು: ಬೆಂಗಳೂರಿನ ಮೆಜೆಸ್ಟಿಕ್‌ನಿಂದ ವಂಡರ್‌ಲಾಕ್ಕೆ ಬಿಎಂಟಿಸಿ ಬಸ್ಸುಗಳಿವೆ, ಅವನ್ನು ಎಲ್ಲಿ ನಿಲ್ಲಿಸಬೇಕೆಂಬುದು ಪ್ರಯಾಣಿಕರ ಚಿಂತೆಯಲ್ಲ.