ಮೂಡೆಯ ಘನಫಲವಿಚಾರ

ಸಿಡ್ಕೊ ಎಂಬ ಸಂಸ್ಥೆಯು 1970ರಲ್ಲಿ ಅವತರಿಸಿ, ಖಾಡಿಯಾಚೆಯ ನೆಲವನ್ನು ಸೆಕ್ಟರುಗಳಾಗಿ ವಿಭಾಗಿಸತೊಡಗಿದಾಗ, ರೇಖಾಗಣಿತದಲ್ಲಿ ಸೆಕ್ಟರೆಂದರೆ ವೃತ್ತದ ತುಂಡೆಂಬುದನ್ನು ಯಾರೂ ಜ್ಞಾಪಿಸದೆ ಹೋದುದರಿಂದಲೋ ಏನೋ, ನಾವಿರುವ ಕಾಮೋಠೆಯಲ್ಲಿ ಸೆಕ್ಟರುಗಳು ಹೇರಳವಾಗಿದ್ದರೂ ನನ್ನ ಕಣ್ಣಿಗೆ ಬಿದ್ದವೆಲ್ಲ ಚೌಕವೇ. ದುಂಡನೆಯ ಸ್ತಂಭಾಕೃತಿಯನ್ನು ಕಾಣಬಯಸುವ ಜಿಜ್ಞಾಸುವು ತಾರಸಿಯ ಕರಿಯ ನೀರಿನ ಟಾಂಕಿಯ ಬಳಿಗೆ ಏರಬೇಕು, ಇಲ್ಲವೇ ಅಷ್ಟಮಿಯ ಮರುದಿನ ನಮ್ಮ ಅತ್ತಿಗೆಯ ಅಡುಗೆಮನೆಗೆ ಬರಬೇಕು. ಏಣಿ ಹತ್ತುವ ವಯಸ್ಸು ನನಗೆ ಮೀರಿದುದರಿಂದ ಪ್ರಸ್ತುತ ಪ್ರಬಂಧವು ಮೂಡೆಯನ್ನೇ ಆಶ್ರಯಿಸಿದೆ.

ತುಳುವರು ಮುಂಡೇವು ಎನ್ನುವ ಕೇದಗೆ ಜಾತಿಯ ಎಲೆಯ ಮುಳ್ಳು ಸವರಿ, ಬೆಂಕಿಗೆ ಬಾಡಿಸಿ, ಸುರುಳಿ ಸುತ್ತಿ, ಕಡ್ಡಿ ಚುಚ್ಚಿ ನಿಲ್ಲಿಸಿದ ಕೊಳವೆಗೆ ಅಕ್ಕಿ-ಉದ್ದಿನ ಹಿಟ್ಟನ್ನು ಹೊಯ್ದು ಹಬೆಯಲ್ಲಿ ಬೇಯಿಸಿದರೆ ಮೂಡೆ. ಊರಿಂದ ರಾತ್ರಿಯ ಬಸ್ಸಿನಲ್ಲಿ ಬಂದ ಅಂಥದೊಂದು ಕೊಳವೆಯನ್ನು ರವಿಕೆಯಳತೆಯ ಟೇಪಿನಿಂದ ಅಳೆಯಲಾಗಿ ವ್ಯಾಸ 7 ಸೆಂ.ಮೀ., ಎತ್ತರ 10 ಸೆಂ.ಮೀ. ಎಂದು ನಿರ್ಣಯವಾಯಿತು. ವಾಸ್ತವದಲ್ಲಿ ವ್ಯಾಸವು ಏಳಕ್ಕೆ ತುಸು ಕಡಿಮೆಯೇ. ಆದರೆ 22/7ನ್ನು ಎದುರಿಗಿಟ್ಟುಕೊಂಡವನು ಏಳಲ್ಲದ ವ್ಯಾಸವನ್ನು ಕಾಣುವುದು ಶಾಲಾಸಂಪ್ರದಾಯಕ್ಕೆ ವಿರುದ್ಧ.

ಆದುದರಿಂದ ಪಾರ್ಶ್ವದ ವಿಸ್ತೀರ್ಣ 220 ಚದರ ಸೆಂ.ಮೀ.; ತಳ 38.5, ಶಾಸ್ತ್ರೋಕ್ತವಾಗಿ ತಳವನ್ನು ಇಮ್ಮಡಿಸಿ ಕೂಡಿಸಿದರೆ ಪೂರ್ಣ ಮೇಲ್ಮೈ 297. ಇದನ್ನು ನಾನು ಗಂಭೀರಧ್ವನಿಯಲ್ಲಿ ಘೋಷಿಸಿದಾಗ ಅತ್ತಿಗೆ, "ಎರಡು ಮುಚ್ಚಳ ಎಲ್ಲುಂಟು ಮಾರಾಯ, ಮೇಲೆ ಬಾಯಿ ಕಾಣುದಿಲ್ವಾ?" ಎಂದು ಪೂರ್ವಪಕ್ಷವನ್ನು ಒಂದೇ ಮಾತಿನಿಂದ ಉರುಳಿಸಿದರು. 258.5 ಎಂದು ತಿದ್ದಿಕೊಂಡೆನು.

ಘನಫಲದಲ್ಲಾದರೋ ಆಚಾರ್ಯರಲ್ಲೇ ಭೇದವುಂಟು. ನಮ್ಮ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ವ್ಯಾಸ-ಪರಿಧಿಗಳ ಅನುಪಾತಕ್ಕೆ ಸ್ಥೂಲವಾಗಿ 3ನ್ನೂ ಸೂಕ್ಷ್ಮವಾಗಿ ಹತ್ತರ ವರ್ಗಮೂಲವನ್ನೂ ವಿಧಿಸಿದ್ದಾನೆ. 22/7ರ ಪ್ರಕಾರ ಮೂಡೆಯಲ್ಲಿ 385 ಮಿ.ಲೀ. ಹಿಡಿಯಬೇಕು, ಸ್ಥೂಲಮತದಲ್ಲಿ 367.5, ಸೂಕ್ಷ್ಮಮತದಲ್ಲಿ ಸುಮಾರು 387. ಅತ್ತಿಗೆಯ ಮತದಲ್ಲಿ ಇವು ಮೂರೂ ಅಗ್ರಾಹ್ಯ: ಹಿಟ್ಟು ಮುಕ್ಕಾಲೇ ಹೊಯ್ಯತಕ್ಕದ್ದು, ಉಳಿದುದು ಉಬ್ಬುವುದಕ್ಕೆ. ಆರ್ಕಿಮಿಡೀಸನಿಗೆ ಹುದುಗಿನ ಪರಿಚಯವಿದ್ದಿದ್ದರೆ ತನ್ನ ಸ್ತಂಭದೊಳಗಿನ ಗೋಳವು ಮೂರರಲ್ಲಿ ಎರಡು ಪಾಲೆಂದು ಅಷ್ಟು ಧೈರ್ಯದಿಂದ ಸಾಧಿಸುತ್ತಿರಲಿಲ್ಲವೆಂದು ನನ್ನ ಊಹೆ.

ಇನ್ನೂ ಒಂದು ಕಂಟಕ. ಸ್ತಂಭದ ಪಾರ್ಶ್ವವನ್ನು ಸೀಳಿ ಹರಡಿದರೆ 22ಕ್ಕೆ 10ರ ಆಯತವಾಗುವುದೆಂದು ಪಠ್ಯಪುಸ್ತಕವು ಆಣೆಯಿಡುತ್ತದೆ. ಅಣ್ಣನ ಮೊಮ್ಮಗಳು ಕಡ್ಡಿ ಕಿತ್ತು ಬಿಚ್ಚಿದಾಗ ಬಂದುದಾದರೋ ನಾಲ್ಕು ಸೆಂಟಿಮೀಟರ್ ಅಗಲದ, ಮುಕ್ಕಾಲು ಮೀಟರಿನಷ್ಟು ಉದ್ದದ ಪಟ್ಟಿ. ಸುತ್ತಿಗೆ ಸುತ್ತು ಒಂದು ಸೆಂಟಿಮೀಟರ್ ಮೇಲೇರಿ ಕುಳಿತಿದ್ದುದರಿಂದ ಎಲೆಯ ವಿಸ್ತೀರ್ಣವು ಸೂತ್ರವನ್ನು ಮೂರನೆಯ ಒಂದು ಪಾಲಿನಷ್ಟು ಮೀರಿತ್ತು.

ಉಬ್ಬಿದ ಬಾಯಿಯ ಗುಮ್ಮಟವೊಂದು ಉಳಿದಿತ್ತು. ಅದಕ್ಕೆ ಬೇರೆ ಸೂತ್ರ ಬೇಕಾದುದರಿಂದ ದಾರ ಹುಡುಕಲು ಒಳಗೆ ಹೋದೆನು. ಮರಳುವಷ್ಟರಲ್ಲಿ ತಟ್ಟೆಯಲ್ಲಿ ಚಟ್ನಿಯ ಗೆರೆ, ಬಣ್ಣಗೆಟ್ಟ ಎಲೆಪಟ್ಟಿ, ಒಂದು ಕಡ್ಡಿ.