ಮಾಲ್ಗುಡಿಗೆ ಫಾಸ್ಟ್ ಫಾರ್ವರ್ಡ್

‘ನಮ್ಮ ಕಾಲದಲ್ಲಿ’ ಎಂದು ನಾನು ಬಾಯಿ ತೆರೆದರೆ ಸಾಕು, ಮಗಳಿಗೆ ಹೋಮ್‌ವರ್ಕ್, ಮಗನಿಗೆ ಬಾಯಾರಿಕೆ, ಹೆಂಡತಿಗೆ ಒಲೆಯ ಮೇಲಿಟ್ಟ ಹಾಲು ಒಟ್ಟಿಗೇ ನೆನಪಾಗುತ್ತವೆ. ಹಾಗಾಗಿ ಭಾನುವಾರ, ಹಾಲ್‌ಗೂ ಅಡುಗೆಮನೆಗೂ ನಡುವೆ ಯಾರೂ ಜಾರಿಕೊಳ್ಳದಂತೆ ದಿವಾನ್ ಎಳೆದುಕೊಂಡು ಕೂತು ‘ಮಾಲ್ಗುಡಿ ಡೇಸ್’ ಹಾಕಿದೆ.

ಮಕ್ಕಳಿಗೆ ಹಿನ್ನೆಲೆ ಗೊತ್ತಿರಬೇಡವೇ? 1986-87ರಲ್ಲಿ ದೂರದರ್ಶನದಲ್ಲಿ ಬಂದದ್ದು, ಶಂಕರ್‌ನಾಗ್ ಆಗುಂಬೆಯನ್ನೇ ಮಾಲ್ಗುಡಿ ಮಾಡಿದ್ದು, ಆರ್.ಕೆ. ನಾರಾಯಣರ ಕಥೆಗೆ ತಮ್ಮ ಲಕ್ಷ್ಮಣರ ಚಿತ್ರ, ಎಲ್. ವೈದ್ಯನಾಥನ್ ಸಂಗೀತ... ಇಷ್ಟು ಹೇಳುವಷ್ಟರಲ್ಲಿ ಮಗ ಆ ಸಂಗೀತವನ್ನೇ ಹಾರಿಸಿಬಿಟ್ಟಿದ್ದ. ಅದರ ಗುನುಗು ಕಿವಿಗೆ ಬಿದ್ದೊಡನೆ ಊಟದ ತಟ್ಟೆ ಬಿಟ್ಟು ಪಕ್ಕದ ಮನೆಗೆ ಓಡುತ್ತಿದ್ದವನು ನಾನು! ಹಿಂದಕ್ಕೆ ಹಾಕಿಸಿ ಪೂರ್ತಿ ಕೇಳಿಸಿದೆ. ಎದ್ದು ನಿಲ್ಲಿ ಅನ್ನಲಿಲ್ಲ, ಅಷ್ಟೇ.

“ಇವರೆಲ್ಲ ನಮ್ಮವರೇ ಅಲ್ವಾ? ಆಗುಂಬೆಯಲ್ಲಿ ಕೂತು ಹಿಂದಿ ಯಾಕೆ ಮಾತಾಡ್ತಾರೆ?” ಅಂದಳು ಮಗಳು. ನನಗೆ ಆಗ ಹಿಂದಿಯ ಗಂಧವೂ ಇರಲಿಲ್ಲ. ಧಾರಾವಾಹಿಯ ಹುಡುಗ ಸ್ವಾಮಿಯ ಮಾತನ್ನೆಲ್ಲ ನಾನೇ ಮನಸ್ಸಿನಲ್ಲಿ ಕನ್ನಡದಲ್ಲಿ ಕಟ್ಟಿಕೊಂಡಿದ್ದೆ. ಈಗ ಹಿಂದಿ ಅರ್ಥವಾಗುತ್ತದೆ. ನನ್ನ ಸಂಭಾಷಣೆಯೇ ಒಂದು ಕೈ ಮೇಲಿತ್ತು ಅನ್ನಿಸಿತು. (ಮನೆಯಲ್ಲಿ ಇದನ್ನು ಹೇಳಿಲ್ಲ.) ಮಳೆಯದೂ ಇದೇ ಕಥೆ. ಆಗ ತೆರೆಯ ಮೇಲೆ ಆಗುಂಬೆಯ ಮಳೆ ಯಾವುದು, ಆಂಟೆನಾದ ಮಳೆ ಯಾವುದು ತಿಳಿಯುತ್ತಿರಲಿಲ್ಲ. ಈಗ ನೋಡಿದರೆ ಎಷ್ಟೋ ದೃಶ್ಯಗಳಲ್ಲಿ ಬಿಸಿಲು.

ಸ್ವಾಮಿಯ ಅಪ್ಪನಾಗಿ ಗಿರೀಶ್ ಕಾರ್ನಾಡರು ಬಂದರು. “ಇವರು ಯಾರು ಗೊತ್ತಾ? ಜ್ಞಾನಪೀಠ...” ಎಂದು ಶುರು ಮಾಡಿದೆ.

“ಗೊತ್ತು. ‘ಏಕ್ ಥಾ ಟೈಗರ್’ನಲ್ಲಿ ಸಲ್ಮಾನ್ ಖಾನ್ ಬಾಸು,” ಅಂದ ಮಗ. ಕಾರ್ನಾಡರ ನಾಟಕದ ತುಘಲಕ್ ಸಿಂಹಾಸನದಿಂದ ಉರುಳಿದ ಸದ್ದು ನನ್ನೊಬ್ಬನಿಗೇ ಕೇಳಿಸಿತು.

ಚಿಕ್ಕಂದಿನಲ್ಲಿ ಆ ಅಪ್ಪನನ್ನು ಕಂಡರೆ ಸ್ವಾಮಿಯಷ್ಟೇ ನನಗೂ ನಡುಕ. ಈಗ ಭಕ್ತಿ ಉಕ್ಕಿತು. ದನಿ ಏರಿಸದೆ ಮಗನನ್ನು ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗಲು ಕಳಿಸುವ ಆ ಗತ್ತೇನು! “ಅಪ್ಪ ಅಂದರೆ ಹೀಗಿರಬೇಕು,” ಎಂದು ಮೀಸೆ ಸವರಿಕೊಂಡೆ.

“ಜಿರಳೆ ಬಂದರೆ ಅಮ್ಮನ್ನ ಕೂಗಬಾರದು,” ಎಂದು ಮಗಳು ಸೇರಿಸಿದಳು.

ಅಷ್ಟರಲ್ಲಿ ಹೆಂಡತಿ ಕಪಾಟಿನಿಂದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ತಂದಳು. 1935ರ ಕಾದಂಬರಿ, ನಾನು ಮಡಚಿಟ್ಟ ಹಾಳೆ ಇನ್ನೂ ಮುಂದೆ ಹೋಗಿಲ್ಲ, ಅವಳು ಓದಿ ಮುಗಿಸಿದ್ದಾಳೆ. “ನೀವು ಸ್ವಾಮಿನೂ ಅಲ್ಲ, ಅಪ್ಪನೂ ಅಲ್ಲ ಕಣ್ರೀ. ಇಲ್ಲಿದ್ದೀರ ನೋಡಿ,” ಎಂದು ಪುಟ ತೆರೆದಳು. ಅಲ್ಲಿ ಸ್ವಾಮಿಯ ಅಜ್ಜಿ! ಹಜಾರಕ್ಕೂ ಊಟದ ಕೋಣೆಗೂ ನಡುವಿನ ಗಾಳಿಯಾಡದ ಓಣಿಯಲ್ಲಿ ಐದು ಜಮಖಾನ, ಐದು ದಿಂಬು, ಏಲಕ್ಕಿ, ಲವಂಗ, ಅಡಿಕೆಯ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದಾರೆ. ಮೊಮ್ಮಗ ಗೆಳೆಯ ರಾಜಮ್‌ನ ಪ್ರತಾಪ ಹೇಳುತ್ತಿದ್ದರೆ ಇವರು ಸಬ್‌ಮ್ಯಾಜಿಸ್ಟ್ರೇಟ್ ತಾತನ ಖಡಕ್ಕುತನ ತೆಗೆಯುತ್ತಾರೆ. ಅವನಿಗೆ ಅದು ಬೇಡ.

ಅನ್ಯಾಯ ಎಂದು ಎದ್ದು ನಿಂತೆ. ಬೆನ್ನುನೋವಿಗೆ ಇಟ್ಟುಕೊಂಡಿದ್ದ ದಿಂಬುಗಳು ಉರುಳಿದವು. ಮಡಿಲಲ್ಲಿದ್ದ ಅಡಿಕೆಪುಡಿ ಡಬ್ಬಿ ಟಿವಿಯ ಕೆಳಗೆ ಹೋಯಿತು. ಮಕ್ಕಳು ಅದನ್ನು ಹುಡುಕುವ ನೆಪದಲ್ಲಿ ದಿವಾನ್ ದಾಟಿ ಪರಾರಿ.

“ಆಂಟೆನಾ ತಿರುಗಿಸೋಕೆ ನಾವು ಹಂಚಿನ ಮೇಲೆ ಹತ್ತುತ್ತಿದ್ದ ಕಾಲದಲ್ಲಿ...” ಎಂದು ಉಳಿದವಳಿಗಾದರೂ ಹೇಳಹೊರಟೆ.

“ಕಾಫಿ ತಗೊಳ್ಳಿ ಅಜ್ಜೀ,” ಅಂದಳು ಅವಳು, “ಸಕ್ಕರೆ ಹಾಕಿಲ್ಲ.”