ಕಟಕಟೇಶ್ವರ

ಪಾಂಡವಪುರದ ಆ ಬೀದಿಯಲ್ಲಿ ಕೊರಿಯರ್ ಹುಡುಗ ವಿಳಾಸ ಕೇಳುವುದಿಲ್ಲ. ಮಹಡಿಯಿಂದ ಟಕಟಕ ಸದ್ದು ಬಂದರೆ ಅದೇ ಮನೆ. ಅಲ್ಲಿರುವವನು ನಮ್ಮ ಕಟಕಟೇಶ್ವರ. ಇದು ಹೆತ್ತವರಿಟ್ಟ ಹೆಸರಲ್ಲ, ನಿದ್ದೆಗೆಟ್ಟ ನೆರೆಯವರಿಟ್ಟದ್ದು. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ದುಡಿಯುತ್ತಾನೆ. ದುಡಿದದ್ದನ್ನು ಕೀಬೋರ್ಡಿಗೆ ಸುರಿಯುತ್ತಾನೆ.

ಜರ್ಮನಿಯ ಚೆರ್ರಿ ಕಂಪನಿ 1980ರ ದಶಕದಲ್ಲಿ ತಂದ, ಒಂದೊಂದು ಕೀಲಿಯಡಿಯೂ ಕೂರುವ ಎಂಎಕ್ಸ್ ಸ್ವಿಚ್ಚುಗಳಿಗೆ ಬಣ್ಣವೇ ಕುಲಗೋತ್ರ. ಕೆ.ಆರ್. ಪೇಟೆಯ ಮದುವೆಯೊಂದರಲ್ಲಿ ಪಕ್ಕದ ಎಲೆಯವರು ಹಪ್ಪಳ ಮುರಿದರು. ಇವನು ಕಿವಿ ನಿಮಿರಿಸಿ, "ಇದು ನೀಲಿ ಸ್ವಿಚ್ಚು" ಎಂದ. ಕೆಂಪು ಯಾವುದಪ್ಪಾ ಎಂದರೆ, "ಮುದ್ದೆ ಮಾವ, ತಡೆಯೇ ಇಲ್ದೆ ಇಳೀತದೆ." ಕಂದು? "ಗಂಟು ಸಿಕ್ಕಿದ ಮುದ್ದೆ." ಅವನ ತಾತ ಬೇಬಿಬೆಟ್ಟದ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಯ ಹಲ್ಲು ಹಿಡಿದು ನೋಡುತ್ತಿದ್ದರು. ಮೊಮ್ಮಗ ಸ್ವಿಚ್ಚಿನ ಭಾರ ನೋಡುತ್ತಾನೆ: ಕೆಂಪಿಗೆ 45 ಗ್ರಾಂ ಒತ್ತು, 4 ಮಿಲಿಮೀಟರ್ ಇಳಿತ, 2ಕ್ಕೇ ಅಕ್ಷರ ಮೂಡಬೇಕು.

ಕೊಂಡಮೇಲೆ ಬಿಚ್ಚುವ ಕೆಲಸ. ಎಂಬತ್ತೇಳು ಸ್ವಿಚ್ಚು, ಒಂದೊಂದರಲ್ಲೂ ಮೇಲ್ಮುಚ್ಚಳ, ಕಾಂಡ, ಸ್ಪ್ರಿಂಗು, ತಳ. ಸಣ್ಣ ಕುಂಚದಲ್ಲಿ ಗ್ರೀಸು ಸವರುತ್ತಾ ಕೂತರೆ ಎರಡು ರಾತ್ರಿ ಕಳೆಯುತ್ತವೆ. "ಅದೇನ್ ಮಗ, ಮದುವಣಗಿತ್ತಿಗೆ ಕಾಡಿಗೆ ಹಚ್ಚಿದಂಗೆ?" ಎನ್ನುತ್ತಾರೆ ಅವ್ವ. ಅಷ್ಟಾದರೂ ಸ್ಪೇಸ್‌ಬಾರ್ ಗಲಗಲ ಎನ್ನುತ್ತದೆ. ಮತ್ತೆ ಬಿಚ್ಚುತ್ತಾನೆ.

ಸಾಲದ್ದಕ್ಕೆ ಲಿನಕ್ಸ್ ವ್ರತಸ್ಥ. ಕೀಲಿಗಳ ಕೆಲಸ ಬದಲಿಸುವ ವಯಾ ತಂತ್ರಾಂಶಕ್ಕೆ ಕೀಬೋರ್ಡ್ ಕಣ್ಣೆದುರೇ ಇದ್ದರೂ ಕಾಣಲಿಲ್ಲ. ಯುಡೆವ್ ನಿಯಮ ಬರೆದು ಅಪ್ಪಣೆ ಕೊಡಿಸಬೇಕಿತ್ತು. ಎಫ್2 ಒತ್ತಿದರೆ ಪರದೆಯ ಬೆಳಕು ಏರಿತು: ಲಿನಕ್ಸು ಆ ಕೀಬೋರ್ಡನ್ನು ಆಪಲ್ ಮನೆತನದ್ದೆಂದು ನಂಬಿಬಿಟ್ಟಿತ್ತು. ಎಫ್‌ಎನ್‌ಮೋಡ್ ಎಂಬ ಸೆಟ್ಟಿಂಗಿನಲ್ಲಿ 2 ಎಂಬ ಒಂದೇ ಅಂಕಿ ಬರೆದರೆ ಸರಿಹೋಗುತ್ತದೆ. ಅದು ಗೊತ್ತಾಗುವಷ್ಟರಲ್ಲಿ ಒಂದು ಭಾನುವಾರ ಮುಗಿದಿತ್ತು.

ಇಷ್ಟೆಲ್ಲ ಆಟಕ್ಕಾಗಿ. ವಿಂಡೋಸ್ ಆಟಗಳನ್ನು ಲಿನಕ್ಸಿನಲ್ಲಿ ನಡೆಸುವ ಪ್ರೋಟಾನ್ 2018ರಲ್ಲೇ ಬಂದಿದೆ. ಗುಂಡು ಹಾರಿಸುವ ಕೌಂಟರ್-ಸ್ಟ್ರೈಕ್ 2 ಆಟಕ್ಕೆ ಅದೂ ಬೇಡ. ದಸರಾ ರಜೆಗೆ ಶ್ರೀರಂಗಪಟ್ಟಣದಿಂದ ಬಂದ ಅಕ್ಕನ ಮಗ, ಜೆರಾಕ್ಸ್ ಅಂಗಡಿಯವರು ಬಿಸಾಡಿದ್ದ, "ಎ" ಅಳಿಸಿಹೋದ ಕೀಬೋರ್ಡಿನಲ್ಲಿ ಆಡಿ, ಆ ಆಟದಲ್ಲಿ ಇವನನ್ನು ಏಳು ಸಲ ಕೊಂದ. "ನಿನ್ನ ಕೀಬೋರ್ಡ್ ಸೌಂಡ್ ಸೂಪರ್ ಮಾಮ" ಎಂದು ಸಮಾಧಾನವನ್ನೂ ಹೇಳಿದ. ಸೋತವನು ಸುಮ್ಮನೆ ಕೂರಲಿಲ್ಲ. ಕಂದು ಸ್ವಿಚ್ಚು ತರಿಸಿದ.

ಜಗಲಿಯಲ್ಲಿದ್ದ ತಾತ ಆ ಗ್ರೀಸಿನ ಡಬ್ಬಿ ಮೂಸಿ ನೋಡಿದರು. "ಗಾಡಿಗೆ ನಾವೂ ಕೀಲೆಣ್ಣೆ ಹಾಕ್ತಿದ್ದೋ ಕಣ್ಲಾ. ಹಾಕಿದ್‌ಮ್ಯಾಕೆ ಗಾಡಿ ಕಟ್ತಿದ್ದೋ."

ಇಂಥವನೊಬ್ಬ ನಿಮ್ಮ ನೆಂಟರಲ್ಲೂ ಇದ್ದಾನು. ಹೋದಾಗ ಕಾಫಿ ಕುಡಿಯಿರಿ, ಮಳೆ ಬೆಳೆ ವಿಚಾರಿಸಿ. ಯಾವ ಕಾರಣಕ್ಕೂ "ಸದ್ದು ಚೆನ್ನಾಗಿದೆಯಲ್ಲ" ಎನ್ನಬೇಡಿ. ಹಾಗೆಂದದ್ದಕ್ಕೇ ನನಗೆ ಮೊನ್ನೆ ನಾಗಮಂಗಲದ ಕಡೇ ಬಸ್ಸು ತಪ್ಪಿತು.